ಪ್ರೋಟೀನಿಗೆ ಅಂಟುವ ಕೊಬ್ಬು: ಎಲ್ಲಿ ಕೂರಿಸುತ್ತದೆ, ಯಾವಾಗ ಬಿಡುತ್ತದೆ?

ಜೀವಕೋಶದಲ್ಲಿ ಪ್ರೋಟೀನು ತಯಾರಾದ ಮೇಲೆ ಅದಕ್ಕೆ ಫಾಸ್ಫೇಟು, ಸಕ್ಕರೆ, ಕೊಬ್ಬಿನ ಸರಪಳಿ ಮುಂತಾದವು ಸೇರಿಕೊಳ್ಳುವ ವಿಚಾರವಾಗಿ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ಉಳಿದವಕ್ಕಿಂತ ಉದ್ದವಾಗಿದೆ, ಏಕೆಂದರೆ ಉಳಿದ ಉತ್ತರಗಳು ಅದನ್ನೇ ನೆಚ್ಚಿಕೊಂಡಿವೆ.

ಪ್ರಶ್ನೆ: ಅಮೈನೊ ಆಮ್ಲಗಳ ಸಾಲನ್ನು ಜೀನ್ ನಿರ್ಧರಿಸುತ್ತದೆ, ಆ ಸಾಲು ಪ್ರೋಟೀನಿನ ಆಕಾರವನ್ನೂ ಆಕಾರವು ಕೆಲಸವನ್ನೂ ನಿರ್ಧರಿಸುತ್ತದೆ ಎಂದು ಓದಿದ್ದೇವೆ. ಹಾಗಿರುವಾಗ ಒಂದು ಫಾಸ್ಫೇಟೋ ಒಂದು ಕೊಬ್ಬಿನ ಸರಪಳಿಯೋ ಬಂದು ಸೇರಿದ ಮಾತ್ರಕ್ಕೆ ಅಷ್ಟೊಂದು ವ್ಯತ್ಯಾಸವಾಗುವುದು ಹೇಗೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನೀವು ಓದಿದ್ದು ಸರಿಯೇ, ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೋಶದಲ್ಲಿ ಪ್ರೋಟೀನು ಹೆಣೆಯುವ ರೈಬೋಸೋಮಿನಿಂದ ಹೊರಬರುವ ಸರಪಳಿಯಲ್ಲಿ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಷ್ಟೇ ಇರುತ್ತವೆ. ಅದು ಕೆಲಸಕ್ಕೆ ಇಳಿಯುವ ಮುನ್ನವೋ ಇಳಿದ ಮೇಲೋ ಕಿಣ್ವಗಳು ಅದರ ಆಯ್ದ ಜಾಗಗಳಿಗೆ ಬೇರೆ ಗುಂಪುಗಳನ್ನು ಜೋಡಿಸುತ್ತವೆ, ಕೆಲವನ್ನು ಕತ್ತರಿಸಿ ಹಾಕುತ್ತವೆ. ಇಂತಹ ಮಾರ್ಪಾಡುಗಳಲ್ಲಿ ನೂರಾರು ಬಗೆಗಳಿವೆ.

ಫಾಸ್ಫೇಟನ್ನೇ ಮೊದಲು ನೋಡೋಣ. ಸೀರೀನ್ ಎಂಬ ಅಮೈನೊ ಆಮ್ಲದ ತುದಿಯಲ್ಲಿರುವುದು ವಿದ್ಯುದಂಶವಿಲ್ಲದ ಪುಟ್ಟ ಗುಂಪು. ಕೈನೇಸ್ ಎಂಬ ಕಿಣ್ವವು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಅಲ್ಲಿಗೆ ಜೋಡಿಸಿದೊಡನೆ ಅದೇ ಜಾಗದಲ್ಲಿ ಎರಡರ ಸುಮಾರಿನ ಋಣ ವಿದ್ಯುದಂಶ ಬಂದು ಕೂರುತ್ತದೆ, ಸುತ್ತಲಿನ ಧನ ವಿದ್ಯುದಂಶದ ಭಾಗಗಳು ಅದರತ್ತ ಸರಿಯುತ್ತವೆ, ಹೀಗೆ ಪ್ರೋಟೀನಿನ ಮಡಿಕೆಯೇ ಬದಲಾಗುತ್ತದೆ. ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ 1950ರ ದಶಕದಲ್ಲಿ ಸ್ನಾಯುವಿನ ಗ್ಲೈಕೊಜೆನ್ ಫಾಸ್ಫಾರಿಲೇಸ್ ಎಂಬ ಕಿಣ್ವದಲ್ಲಿ ಕಂಡದ್ದು ಇದನ್ನೇ. ಅದರ ಹದಿನಾಲ್ಕನೆಯ ಅಮೈನೊ ಆಮ್ಲವಾದ ಸೀರೀನಿಗೆ ಫಾಸ್ಫೇಟು ಸೇರಿದರೆ ಕಿಣ್ವ ಚುರುಕಾಗಿ, ಕೂಡಿಟ್ಟ ಗ್ಲೈಕೊಜೆನ್ನಿನಿಂದ ಗ್ಲೂಕೋಸ್ ಬಿಡಿಸತೊಡಗುತ್ತದೆ. ಫಾಸ್ಫೇಟನ್ನು ಬೇರೊಂದು ಕಿಣ್ವ ತೆಗೆದುಹಾಕಿದರೆ ತಣ್ಣಗಾಗುತ್ತದೆ. ಈ ಕೆಲಸಕ್ಕೆ ಇಬ್ಬರಿಗೂ 1992ರಲ್ಲಿ ನೊಬೆಲ್ ಬಂತು.

ಕೊಬ್ಬಿನ ಸರಪಳಿ ಮಾಡುವ ಕೆಲಸ ಸ್ವಲ್ಪ ಬೇರೆ. ಸಾರಿಗೆ ಹಾಕಿದ ಒಗ್ಗರಣೆಯ ಎಣ್ಣೆ ನೀರಿನಲ್ಲಿ ಬೆರೆಯದೆ ಎಣ್ಣೆಯೊಡನೆಯೇ ಸೇರಿಕೊಳ್ಳುವಂತೆ, ಪ್ರೋಟೀನಿಗೆ ಅಂಟಿದ ಕೊಬ್ಬಿನ ಬಾಲವೂ ಕೋಶದ ನೀರಿನಂಶವನ್ನು ಬಿಟ್ಟು ಕೊಬ್ಬಿನಿಂದಲೇ ಆದ ಪೊರೆಯೊಳಗೆ ತೂರಿಕೊಳ್ಳುತ್ತದೆ, ತನ್ನ ಜೊತೆಗೆ ಇಡೀ ಪ್ರೋಟೀನನ್ನು ಅಲ್ಲಿಗೆ ಎಳೆಯುತ್ತದೆ. ಅಂದರೆ ಇಲ್ಲಿ ಮುಖ್ಯವಾಗಿ ಬದಲಾಗುವುದು ವಿಳಾಸ. ಹದಿನಾಲ್ಕು ಇಂಗಾಲದ ಮಿರಿಸ್ಟಿಕ್ ಆಮ್ಲವು ಪ್ರೋಟೀನಿನ ಆರಂಭದ ಗ್ಲೈಸೀನಿಗೆ ಅಂಟುತ್ತದೆ. ಹದಿನಾರು ಇಂಗಾಲದ ಪಾಮಿಟಿಕ್ ಆಮ್ಲವು ಸಾಮಾನ್ಯವಾಗಿ ಸಿಸ್ಟೀನಿನ ಗಂಧಕಕ್ಕೆ ಅಂಟುತ್ತದೆ. ಹದಿನೈದು ಇಂಗಾಲದ ಫಾರ್ನೆಸಿಲ್ ಮತ್ತು ಇಪ್ಪತ್ತು ಇಂಗಾಲದ ಜೆರಾನಿಲ್‌ಜೆರಾನಿಲ್ ಸೇರುವುದು ಪ್ರೋಟೀನಿನ ಕೊನೆಯ ಬಳಿಯಿರುವ ಸಿಸ್ಟೀನಿಗೆ. ಇವುಗಳಲ್ಲಿ ಪಾಮಿಟಿಕ್ ಬಾಲವನ್ನು ಕೋಶವು ಸಲೀಸಾಗಿ ಹಾಕಿ ತೆಗೆಯುತ್ತದೆ. ಉಳಿದವು ಸೇರಿದರೆ ಬಹುಮಟ್ಟಿಗೆ ಪ್ರೋಟೀನು ಇರುವವರೆಗೂ ಇರುತ್ತವೆ.

ವಿಳಾಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಕೋಳಿಗಳಲ್ಲಿ ಗಡ್ಡೆ ತರುವ ರೌಸ್ ಸಾರ್ಕೋಮಾ ವೈರಸ್ಸಿನ ಸಾರ್ಕ್ ಪ್ರೋಟೀನು ಚೆನ್ನಾಗಿ ತೋರಿಸಿತು. ಅದರ ಆರಂಭದ ಗ್ಲೈಸೀನನ್ನು ಬದಲಾಯಿಸಿದರೆ ಮಿರಿಸ್ಟಿಕ್ ಬಾಲ ಅಂಟುವುದಿಲ್ಲ. ಆಗಲೂ ಅದರ ಕೈನೇಸ್ ಶಕ್ತಿ ಉಳಿದೇ ಇರುತ್ತದೆ, ಆದರೆ ಕೋಶಪೊರೆಗೆ ತಲುಪಲಾರದ ಆ ಪ್ರೋಟೀನಿಗೆ ಕೋಶವನ್ನು ಕ್ಯಾನ್ಸರಿನ ದಾರಿಗೆ ತಿರುಗಿಸುವುದು ಸಾಧ್ಯವಾಗುವುದಿಲ್ಲ.

ಇನ್ನು, ಅಂಟಿದ್ದನ್ನು ಸಕಾಲಕ್ಕೆ ತೆಗೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರೊಜೀರಿಯಾ ಎಂಬ ಅಪರೂಪದ ಕಾಯಿಲೆಗಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ನಮ್ಮ ಕೋಶಕೇಂದ್ರದ ಒಳಗೋಡೆಗೆ ಒತ್ತಾಗಿ ಲ್ಯಾಮಿನ್ ಎಂಬ ಪ್ರೋಟೀನುಗಳ ಬಲೆ ಹೆಣೆದುಕೊಂಡಿರುತ್ತದೆ, ಕೋಶಕೇಂದ್ರದ ದುಂಡನೆಯ ಆಕಾರಕ್ಕೆ ಆ ಬಲೆಯೇ ಆಧಾರ. ಅವುಗಳಲ್ಲಿ ಲ್ಯಾಮಿನ್ ಎ ನೇರವಾಗಿ ತಯಾರಾಗುವುದಿಲ್ಲ. ಮೊದಲು ತುಸು ಉದ್ದವಾದ ಪೂರ್ವರೂಪವೊಂದು ತಯಾರಾಗುತ್ತದೆ, ಅದರ ಬಾಲದ ತುದಿಯಿಂದ ನಾಲ್ಕನೆಯದಾದ ಸಿಸ್ಟೀನಿಗೆ ಫಾರ್ನೆಸಿಲ್ ಸೇರುತ್ತದೆ, ಆ ಸಿಸ್ಟೀನಿನ ಆಚೆಗಿನ ಮೂರು ಅಮೈನೊ ಆಮ್ಲಗಳು ಕತ್ತರಿಸಿ ಹೋಗುತ್ತವೆ, ಬಳಿಕ ತುದಿಗೆ ಒಂದು ಮೀಥೈಲ್ ಗುಂಪು ಕೂರುತ್ತದೆ. ಕಡೆಯಲ್ಲಿ ಜೆಡ್‌ಎಂಪಿಎಸ್‌ಟಿಇ24 ಎಂಬ ಕಿಣ್ವವು ಫಾರ್ನೆಸಿಲ್ ಸಮೇತ ಕೊನೆಯ ಹದಿನೈದು ಅಮೈನೊ ಆಮ್ಲಗಳನ್ನೂ ತುಂಡರಿಸುತ್ತದೆ. ಹೀಗೆ ಅಷ್ಟು ಕಷ್ಟಪಟ್ಟು ಅಂಟಿಸಿದ ಕೊಬ್ಬು ಪೂರ್ತಿ ಬೆಳೆದ ಲ್ಯಾಮಿನ್ ಎಯಲ್ಲಿ ಉಳಿಯುವುದೇ ಇಲ್ಲ.

ಪ್ರೊಜೀರಿಯಾ ಇರುವ ಬಹುಪಾಲು ಮಕ್ಕಳಲ್ಲಿ ಲ್ಯಾಮಿನ್ ಎಯ ಜೀನಿನ 1824ನೆಯ ಅಕ್ಷರ ಸಿ ಇರಬೇಕಾದಲ್ಲಿ ಟಿ ಆಗಿರುತ್ತದೆ ಎಂದು 2003ರಲ್ಲಿ ತಿಳಿಯಿತು. ಈ ಬದಲಾವಣೆ ಅಮೈನೊ ಆಮ್ಲವನ್ನು ಬದಲಾಯಿಸುವುದೇ ಇಲ್ಲ, 608ನೆಯ ಜಾಗದ ಗ್ಲೈಸೀನು ಗ್ಲೈಸೀನಾಗಿಯೇ ಉಳಿಯುತ್ತದೆ. ಪಠ್ಯದ ಲೆಕ್ಕದಲ್ಲಿ ಇದು ನಿರುಪದ್ರವಿ. ಆದರೆ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ವ್ಯವಸ್ಥೆ ಆ ಒಂದು ಅಕ್ಷರದಿಂದ ದಾರಿತಪ್ಪಿ, ಐವತ್ತು ಅಮೈನೊ ಆಮ್ಲಗಳಿಗೆ ಸಲ್ಲುವ ತುಣುಕನ್ನು ಬಿಟ್ಟುಬಿಡುತ್ತದೆ. ಕೊನೆಯ ಕಿಣ್ವ ಕತ್ತರಿಸಬೇಕಾದ ಜಾಗ ಇರುವುದು ಆ ಐವತ್ತರೊಳಗೇ. ಫಾರ್ನೆಸಿಲ್ ಅಂಟಿಸುವ ತುದಿ ಮಾತ್ರ ಹಾಗೆಯೇ ಇರುತ್ತದೆ. ಪರಿಣಾಮವಾಗಿ ಕೊಬ್ಬು ಸೇರುತ್ತದೆ, ತೆಗೆಯಲು ಬರುವುದಿಲ್ಲ. ಪ್ರೊಜೆರಿನ್ ಎಂದು ಕರೆಯಲಾಗುವ ಈ ಪ್ರೋಟೀನು ಕೋಶಕೇಂದ್ರದ ಪೊರೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಕೋಶಕೇಂದ್ರ ಗುಬುಟು ಗುಬುಟಾಗಿ ವಿಕಾರಗೊಳ್ಳುತ್ತದೆ. ಹುಟ್ಟುವಾಗ ಎಲ್ಲರಂತೆಯೇ ಕಾಣುವ ಮಗು ಒಂದೆರಡು ವರ್ಷಗಳಲ್ಲಿ ಕೂದಲು ಕಳೆದುಕೊಂಡು, ಬೆಳವಣಿಗೆ ಕುಂಠಿತವಾಗಿ, ರಕ್ತನಾಳಗಳು ಗಟ್ಟಿಯಾಗುತ್ತಾ ಹೋಗಿ, ಚಿಕಿತ್ಸೆಯಿಲ್ಲದಿದ್ದರೆ ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಳ್ಳುತ್ತದೆ.

ತಪ್ಪು ಇರುವುದು ಉಳಿದುಹೋದ ಕೊಬ್ಬಿನಲ್ಲಿ ಎಂದಾದರೆ, ಅಂಟಿಸುವ ಕಿಣ್ವವನ್ನೇ ತಡೆಯಬಹುದಲ್ಲವೇ? ಹಾಗೆಯೇ ಮಾಡಲಾಯಿತು. ಕ್ಯಾನ್ಸರಿಗೆಂದು ತಯಾರಿಸಿ ಪಕ್ಕಕ್ಕಿಟ್ಟಿದ್ದ ಲೋನಾಫಾರ್ನಿಬ್ ಎಂಬ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ನವೆಂಬರಿನಲ್ಲಿ ಪ್ರೊಜೀರಿಯಾಕ್ಕಾಗಿ ಒಪ್ಪಿಗೆ ಕೊಟ್ಟಿತು. ಮಕ್ಕಳ ಆಯುಸ್ಸನ್ನು ಅದು ಸರಾಸರಿ ಎರಡೂವರೆ ವರ್ಷ ಹೆಚ್ಚಿಸುತ್ತದೆ. ಇದು ಗುಣಪಡಿಸುವ ಮದ್ದಲ್ಲ, ಆದರೆ ಏನೂ ಇಲ್ಲದಿದ್ದ ಕಡೆ ಇದು ದೊಡ್ಡದೇ. ಒಂದು ಮಾತು ಪಕ್ಕದಲ್ಲಿ ಹೇಳಬೇಕು: ಪೂರ್ವರೂಪದ ಹಂತವನ್ನೇ ಬಿಟ್ಟು ನೇರವಾಗಿ ಲ್ಯಾಮಿನ್ ಎ ತಯಾರಿಸುವಂತೆ ಮಾರ್ಪಡಿಸಿದ ಇಲಿಗಳು ಕಾಯಿಲೆಯಿಲ್ಲದೆ ಬದುಕಿದವು. ಅಂಟಿಸಿ ಕೀಳುವ ಈ ಬಳಸುದಾರಿ ಇಲ್ಲದೆಯೂ ಇಲಿಯ ಸಂಸಾರ ನಡೆಯುತ್ತದೆ ಎಂದಾಯಿತು. ಜೀವವಿಜ್ಞಾನದಲ್ಲಿ ಪ್ರತಿಯೊಂದು ಹಂತಕ್ಕೂ ಉದ್ದೇಶ ಹುಡುಕುವ ನಮ್ಮ ಚಟಕ್ಕೆ ಇದು ಒಳ್ಳೆಯ ಲಗಾಮು.

ಪ್ರಶ್ನೆ: ರಾಸ್ ಎಂಬ ಪ್ರೋಟೀನು ಕ್ಯಾನ್ಸರಿಗೆ ಕಾರಣವಾಗಬೇಕಾದರೆ ಅದಕ್ಕೆ ಕೊಬ್ಬಿನ ಬಾಲ ಬೇಕೇ ಬೇಕು ಎನ್ನುತ್ತಾರೆ. ಬಾಲವನ್ನು ತಡೆಯುವ ಔಷಧವೂ ಇದೆಯಂತೆ. ಮತ್ತೇಕೆ ಅದು ಕ್ಯಾನ್ಸರನ್ನು ವಾಸಿಮಾಡಲಿಲ್ಲ? (ಔಷಧ ಅಂಗಡಿ ನಡೆಸುವ ಓದುಗರು, ಶಿವಮೊಗ್ಗ)

ಉತ್ತರ: ನೀವು ಹೇಳುವ ಔಷಧಗಳು ಮೇಲಿನ ಲೋನಾಫಾರ್ನಿಬ್ಬಿನ ಕುಟುಂಬದವೇ. ರಾಸ್ ಕೋಶಪೊರೆಯ ಒಳಮುಖಕ್ಕೆ ಅಂಟಿ ನಿಂತು, ಬೆಳೆಯುವಂತೆ ಹೊರಗಿನಿಂದ ಬರುವ ಸೂಚನೆಯನ್ನು ಒಳಕ್ಕೆ ದಾಟಿಸುತ್ತದೆ. ಮ್ಯುಟೇಶನ್ ಆದಾಗ ಸೂಚನೆ ಇಲ್ಲದೆಯೂ ದಾಟಿಸುತ್ತಲೇ ಇರುತ್ತದೆ. ಅದಕ್ಕೆ ಫಾರ್ನೆಸಿಲ್ ಬಾಲವಿದೆ, ಬಾಲವಿಲ್ಲದೆ ಅದು ನಿಷ್ಪ್ರಯೋಜಕ ಎಂದು 1989ರ ಸುಮಾರಿಗೆ ಗೊತ್ತಾದೊಡನೆ, ಫಾರ್ನೆಸಿಲ್ ಜೋಡಿಸುವ ಕಿಣ್ವವನ್ನು ತಡೆಯಲು ದೊಡ್ಡ ದೊಡ್ಡ ಔಷಧ ಕಂಪನಿಗಳು ಪೈಪೋಟಿಗೆ ಬಿದ್ದವು. ಇಲಿಗಳ ಗಡ್ಡೆಗಳು ಕರಗಿದವು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ, ಅದರಲ್ಲೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ, ಫಲ ಸಿಗಲಿಲ್ಲ.

ಕಾರಣ ಸರಳವಾಗಿತ್ತು, ತಿಳಿಯುವ ಹೊತ್ತಿಗೆ ತಡವಾಗಿತ್ತು. ರಾಸ್ ಎನ್ನುವುದು ಒಂದೇ ಪ್ರೋಟೀನಲ್ಲ. ಎಚ್‌ರಾಸ್, ಎನ್‌ರಾಸ್, ಕೆರಾಸ್ ಎಂಬ ಮೂರು ಸೋದರರಿದ್ದಾರೆ. ಇಲಿಗಳಲ್ಲಿ ಮೆರೆದ ಪ್ರಯೋಗಗಳಲ್ಲಿ ಹೆಸರು ಮಾಡಿದವು ಎಚ್‌ರಾಸ್‌ನಿಂದ ಬಂದ ಗಡ್ಡೆಗಳ ಮೇಲಿನವು. ಮನುಷ್ಯರ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತರ ಸುಮಾರು ಪ್ರಕರಣಗಳಲ್ಲಿ ಕೆಟ್ಟಿರುವುದು ಕೆರಾಸ್. ಫಾರ್ನೆಸಿಲ್ ದಾರಿಯನ್ನು ಮುಚ್ಚಿದಾಗ ಕೆರಾಸ್ ಮತ್ತು ಎನ್‌ರಾಸ್‌ಗಳಿಗೆ ಪಕ್ಕದ ಕಿಣ್ವವೊಂದು ಇಪ್ಪತ್ತು ಇಂಗಾಲದ ಜೆರಾನಿಲ್‌ಜೆರಾನಿಲ್ ಬಾಲವನ್ನು ಅಂಟಿಸಿಬಿಡುತ್ತದೆ. ಪೊರೆಗೆ ಸೇರಲು ಅದೂ ಸಾಕು, ಇನ್ನೂ ಗಟ್ಟಿಯೇ. ಎಚ್‌ರಾಸ್‌ಗೆ ಈ ಬದಲಿ ವ್ಯವಸ್ಥೆ ಇಲ್ಲ. ಹೀಗಾಗಿ ಔಷಧವು ತನ್ನ ಕಿಣ್ವವನ್ನು ಚೆನ್ನಾಗಿಯೇ ತಡೆಯಿತು, ರೋಗಿಗೆ ಮಾತ್ರ ಪ್ರಯೋಜನವಾಗಲಿಲ್ಲ. ಎರಡು ಬಾಲಗಳನ್ನೂ ಒಟ್ಟಿಗೆ ತಡೆಯಬಹುದೇ ಎಂದರೆ, ಜೆರಾನಿಲ್‌ಜೆರಾನಿಲ್ ಬೇಕಾದ ಇತರ ಪ್ರೋಟೀನುಗಳು ಆರೋಗ್ಯವಂತ ಕೋಶಗಳಲ್ಲೂ ಬಹಳ ಇರುವುದರಿಂದ ವಿಷದ ಭಾರ ಹೆಚ್ಚು.

ಈ ಔಷಧಗಳನ್ನು ಪೂರ್ತಿ ವ್ಯರ್ಥವೆಂದು ಬರೆದುಹಾಕುವುದೂ ತಪ್ಪು. ಅವುಗಳಲ್ಲೊಂದಾದ ಟಿಪಿಫಾರ್ನಿಬ್, ಎಚ್‌ರಾಸ್ ಕೆಟ್ಟಿರುವ ತಲೆ ಮತ್ತು ಕತ್ತಿನ ಕ್ಯಾನ್ಸರುಗಳ ಒಂದು ಸಣ್ಣ ಗುಂಪಿನಲ್ಲಿ ಗಡ್ಡೆ ಕುಗ್ಗಿಸಿತು, ಜೀವರಸಾಯನ ಹೇಳುವಂತೆಯೇ. ಕೆರಾಸ್ ವಿಚಾರದಲ್ಲಿ ದಾರಿ ತೆರೆದದ್ದು ಬೇರೆ ಕಡೆಯಿಂದ. 2021ರಲ್ಲಿ ಒಪ್ಪಿಗೆ ಪಡೆದ ಸೋಟೊರಾಸಿಬ್, ಶ್ವಾಸಕೋಶದ ಕೆಲವು ಕ್ಯಾನ್ಸರುಗಳಲ್ಲಿ ಕೆರಾಸ್‌ನ ಹನ್ನೆರಡನೆಯ ಜಾಗದಲ್ಲಿ ಗ್ಲೈಸೀನಿನ ಬದಲು ಬಂದಿರುವ ಸಿಸ್ಟೀನಿಗೆ ತಾನೇ ಹೋಗಿ ರಾಸಾಯನಿಕವಾಗಿ ಬೆಸೆದುಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಆರೋಗ್ಯವಂತ ಕೆರಾಸ್‌ನಲ್ಲಿ ಆ ಸಿಸ್ಟೀನು ಇಲ್ಲದಿರುವುದರಿಂದ ಅದು ತಪ್ಪಿಸಿಕೊಳ್ಳುತ್ತದೆ. ಬಾಲ ಅಂಟದಂತೆ ತಡೆಯಲು ಹೋಗಿ ಸೋತ ಕಡೆ, ಹೊಸದೊಂದನ್ನು ಅಂಟಿಸಿ ಗೆದ್ದರು ಎನ್ನಬಹುದು.

ಪ್ರಶ್ನೆ: ಪಾಮಿಟಿಕ್ ಆಮ್ಲ ಪಾಮ್ ಎಣ್ಣೆಯಲ್ಲಿದೆ, ಮಿರಿಸ್ಟಿಕ್ ಆಮ್ಲ ನಾವು ದಿನವೂ ಬಳಸುವ ತೆಂಗಿನೆಣ್ಣೆಯಲ್ಲಿದೆ. ಇವನ್ನು ಹೆಚ್ಚು ತಿಂದರೆ ನಮ್ಮ ಪ್ರೋಟೀನುಗಳಿಗೆ ಹೆಚ್ಚು ಕೊಬ್ಬು ಅಂಟುತ್ತದೆಯೇ? (ಗೃಹಿಣಿ, ಉಡುಪಿ)

ಉತ್ತರ: ಪ್ರಶ್ನೆ ಚೆನ್ನಾಗಿದೆ, ಏಕೆಂದರೆ ವಸ್ತು ನಿಜಕ್ಕೂ ಒಂದೇ. ಪಾಮ್ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಪಾಮಿಟಿಕ್ ಆಮ್ಲವಿದೆ. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಸುಮಾರು ಅರ್ಧದಷ್ಟಿದ್ದು, ಅದರ ನಂತರದ ಸ್ಥಾನ ಮಿರಿಸ್ಟಿಕ್ ಆಮ್ಲದ್ದು. ಆದರೆ ಊಟದಲ್ಲಿ ಇಲ್ಲದಿದ್ದರೂ ಕೋಶವು ಪಾಮಿಟಿಕ್ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಕೊರತೆ ಸಾಮಾನ್ಯವಾಗಿ ಬರುವುದಿಲ್ಲ. ಯಾವ ಪ್ರೋಟೀನಿಗೆ ಅಂಟಬೇಕು ಎಂಬುದನ್ನು ಆಯುವುದು ಕಿಣ್ವಗಳು. ಪಾಮಿಟಿಕ್ ಬಾಲ ಅಂಟಿಸಲು ಮನುಷ್ಯನಲ್ಲಿ ಇಪ್ಪತ್ತಮೂರು ಕಿಣ್ವಗಳಿವೆ. ಕೀಳುವುದಕ್ಕೆ ಬೇರೆಯೇ ಇವೆ. ಎನ್‌ರಾಸ್ ಮತ್ತು ಎಚ್‌ರಾಸ್‌ಗಳಿಗೆ, ಪ್ರೋಟೀನುಗಳನ್ನು ವಿಂಗಡಿಸಿ ಕಳುಹಿಸುವ ಗಾಲ್ಜಿ ಎಂಬ ಕೋಶಭಾಗದಲ್ಲಿ ಈ ಬಾಲ ಸೇರುತ್ತದೆ, ಅಲ್ಲಿಂದ ಅವು ಕೋಶಪೊರೆಗೆ ಸಾಗುತ್ತವೆ, ಅಲ್ಲಿ ಬಾಲ ಕಳಚಿಕೊಂಡು ಮತ್ತೆ ಗಾಲ್ಜಿಗೆ ಬರುತ್ತವೆ. ಈ ಓಡಾಟ ದಿನವಿಡೀ ನಡೆಯುತ್ತಲೇ ಇರುತ್ತದೆ. ನಿಮ್ಮ ಬಾಣಲೆಯ ಎಣ್ಣೆ ಬದಲಾದ ಮಾತ್ರಕ್ಕೆ ಈ ಲೆಕ್ಕಾಚಾರ ತಲೆಕೆಳಗಾಗುವುದಿಲ್ಲ. ಪಾಮ್ ಎಣ್ಣೆ, ತೆಂಗಿನೆಣ್ಣೆಗಳನ್ನು ಹಿಡಿತದಲ್ಲಿ ಬಳಸಿ ಎಂದು ವೈದ್ಯರು ಹೇಳುವುದು ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲಿನ ದೃಷ್ಟಿಯಿಂದ, ಅದು ಬೇರೆ ವಿಷಯ.

ಕೀಳುವ ಕಿಣ್ವ ಕೈಕೊಟ್ಟರೆ ಏನಾಗುತ್ತದೆ ಎಂಬುದು ಅಂಟಿಸುವುದಕ್ಕಿಂತ ಗಂಭೀರ. ಕೋಶದೊಳಗೆ ಕಸ ಕರಗಿಸುವ ಚೀಲವಾದ ಲೈಸೋಸೋಮಿನಲ್ಲಿ, ಹಳತಾದ ಪ್ರೋಟೀನುಗಳಿಂದ ಪಾಮಿಟಿಕ್ ಬಾಲವನ್ನು ಬಿಡಿಸುವ ಪಿಪಿಟಿ1 ಎಂಬ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಲ್ಲಿ ಆ ಕಸ ನರಕೋಶಗಳಲ್ಲಿ ಶೇಖರವಾಗುತ್ತಾ ಹೋಗಿ, ಮೊದಲ ತಿಂಗಳುಗಳಲ್ಲಿ ಸರಿಯಾಗಿದ್ದ ಮಗು ಆಮೇಲೆ ಕಲಿತದ್ದನ್ನು ಮರೆಯುತ್ತದೆ, ದೃಷ್ಟಿ ಕಳೆದುಕೊಳ್ಳುತ್ತದೆ.

ನಿಮ್ಮ ಅನುಮಾನ ನಿಜವಾಗುವ ಒಂದು ಜಾಗವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಜಠರದಿಂದ ಹೊರಡುವ, ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಇಪ್ಪತ್ತೆಂಟು ಅಮೈನೊ ಆಮ್ಲಗಳ ಈ ಪುಟ್ಟ ಸರಪಳಿಯ ಮೂರನೆಯ ಸೀರೀನಿಗೆ ಎಂಟು ಇಂಗಾಲದ ಆಕ್ಟನೋಯಿಕ್ ಆಮ್ಲ ಅಂಟಿದ್ದರೆ ಮಾತ್ರ ಅದು ತನ್ನ ಸಂದೇಶವನ್ನು ಹಿಡಿಯುವ ಗ್ರಾಹಕ ಪ್ರೋಟೀನಿನಲ್ಲಿ ಸರಿಯಾಗಿ ಕೂರುತ್ತದೆ. ಇಲ್ಲಿ ತಿಂದ ಕೊಬ್ಬು ನೇರವಾಗಿ ಬಳಕೆಯಾಗುತ್ತದೆ ಎಂಬುದನ್ನು ಇಲಿಗಳಲ್ಲಿ ಬಹಳ ಜಾಣತನದಿಂದ ತೋರಿಸಿದರು. ಸಸ್ತನಿಗಳ ದೇಹ ಸಹಜವಾಗಿ ತಯಾರಿಸದ, ಏಳು ಇಂಗಾಲದ ಕೊಬ್ಬಿನಾಮ್ಲವಿರುವ ಆಹಾರವನ್ನು ಕೊಟ್ಟಾಗ ಇಲಿಗಳ ಜಠರದಲ್ಲಿ ಏಳು ಇಂಗಾಲದ ಬಾಲವುಳ್ಳ ಗ್ರೆಲಿನ್ ಸಿಕ್ಕಿತು. ಅದು ಊಟದ್ದಲ್ಲದೆ ಬೇರೆಲ್ಲಿಂದಲೂ ಬಂದಿರಲು ಸಾಧ್ಯವಿಲ್ಲ. ತೆಂಗಿನೆಣ್ಣೆಯಲ್ಲಿ ಎಂಟು ಇಂಗಾಲದ ಆಮ್ಲವೂ ಸ್ವಲ್ಪ ಪ್ರಮಾಣದಲ್ಲಿದೆ. ಅಷ್ಟರಿಂದಲೇ ನೀರುದೋಸೆಗೆ ತೆಂಗಿನೆಣ್ಣೆ ಸವರಿದರೆ ಹಸಿವು ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ಕೊಲೆಸ್ಟರಾಲಿಗಾಗಿ ಸ್ಟಾಟಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಫಾರ್ನೆಸಿಲ್ ಕೂಡ ಕೊಲೆಸ್ಟರಾಲ್ ತಯಾರಾಗುವ ದಾರಿಯಲ್ಲೇ ಬರುತ್ತದೆ ಎಂದು ಓದಿ ಗಾಬರಿಯಾಗಿದೆ. (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಓದಿದ್ದು ನಿಜ, ಗಾಬರಿ ಬೇಡ. ಮೆವಲೋನೇಟ್ ಎಂಬ ವಸ್ತುವಿನಿಂದ ಹೊರಟ ದಾರಿ ಫಾರ್ನೆಸಿಲ್ ಪೈರೋಫಾಸ್ಫೇಟಿನ ಬಳಿ ಕವಲೊಡೆಯುತ್ತದೆ. ಒಂದು ಕವಲು ಕೊಲೆಸ್ಟರಾಲಿಗೆ, ಇನ್ನೊಂದು ಪ್ರೋಟೀನುಗಳ ಬಾಲಕ್ಕೆ. ಸ್ಟಾಟಿನ್ ತಡೆಯುವುದು ಕವಲಿಗಿಂತ ಮೇಲೆ, ಆದ್ದರಿಂದ ತತ್ತ್ವದಲ್ಲಿ ಎರಡೂ ಕುಗ್ಗಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಸ್ಟಾಟಿನ್ನನ್ನು ಧಾರಾಳವಾಗಿ ಸುರಿದಾಗ ಕುಗ್ಗುತ್ತದೆ ಕೂಡ. ನೀವು ನುಂಗುವ ಪ್ರಮಾಣದಲ್ಲಿ ಔಷಧದ ಬಹುಭಾಗ ಕೆಲಸ ಮಾಡುವುದು ಯಕೃತ್ತಿನಲ್ಲಿ. ಜೊತೆಗೆ ಬಾಲ ಅಂಟಿಸುವ ಕಿಣ್ವಗಳು ಫಾರ್ನೆಸಿಲನ್ನು ಬಲು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಸರಕು ಕಡಿಮೆಯಾದಾಗ ಮೊದಲು ಸೊರಗುವುದು ಕೊಲೆಸ್ಟರಾಲಿನ ಕವಲು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ನಾಯು ನೋವಿದ್ದರೆ ವೈದ್ಯರಿಗೆ ತಿಳಿಸಿ.

ಇದೇ ದಾರಿಯನ್ನು ಬೇಕೆಂದೇ ತಡೆದು ಬಾಲ ಅಂಟದಂತೆ ಮಾಡುವ ಔಷಧವೊಂದು ನಿಮ್ಮ ಮನೆಯವರಿಗೋ ನೆರೆಯವರಿಗೋ ಈಗಾಗಲೇ ಸಿಕ್ಕಿರಬಹುದು. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೋಲೆಡ್ರೋನಿಕ್ ಆಮ್ಲ ಮೂಳೆಗೆ ಹೋಗಿ ಅಂಟಿಕೊಳ್ಳುತ್ತದೆ. ಮೂಳೆಯನ್ನು ಕರಗಿಸುವ ಕೋಶಗಳು ಮೂಳೆಯ ಜೊತೆಗೆ ಅದನ್ನೂ ಒಳಗೆಳೆದುಕೊಳ್ಳುತ್ತವೆ. ಆಗ ಅವುಗಳೊಳಗೆ ಫಾರ್ನೆಸಿಲ್ ಪೈರೋಫಾಸ್ಫೇಟ್ ತಯಾರಾಗುವುದೇ ನಿಂತು, ಪೊರೆಗೆ ಸೇರಬೇಕಾದ ಸಣ್ಣ ಪ್ರೋಟೀನುಗಳು ಬಾಲವಿಲ್ಲದೆ ಅಲೆದಾಡಿ, ಕಡೆಗೆ ಆ ಕೋಶಗಳೇ ಸಾಯುತ್ತವೆ. ಪ್ರೋಟೀನಿಗೆ ಕೊಬ್ಬು ಅಂಟುವುದನ್ನು ತಡೆದು ಜನರಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಕ್ಯಾನ್ಸರಿಗೆಂದು ತಯಾರಾದ ಆ ದುಬಾರಿ ಔಷಧಗಳಲ್ಲ, ಈ ಗುಂಪಿನವು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮಾರ್ಪಾಡುಗಳನ್ನೆಲ್ಲ ಕೋಶದ ಕಿಣ್ವಗಳೇ ಮಾಡುತ್ತವೆಯೇ, ತಾವಾಗಿಯೇ ಆಗುವುದೂ ಉಂಟೇ? (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕಲಬುರಗಿ)

ಉತ್ತರ: ಉಂಟು, ಮತ್ತು ಹೊರಗಿನಿಂದ ನಾವೇ ಮಾಡಿಸುವುದೂ ಉಂಟು. ಹೃದಯಾಘಾತವಾದವರು ದಿನವೂ ನುಂಗುವ ಸಣ್ಣ ಆಸ್ಪಿರಿನ್ ಮಾತ್ರೆಯು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳಲ್ಲಿರುವ ಕಾಕ್ಸ್-1 ಎಂಬ ಕಿಣ್ವದ 529ನೆಯ ಸೀರೀನಿಗೆ ತನ್ನ ಅಸಿಟೈಲ್ ಗುಂಪನ್ನು ವರ್ಗಾಯಿಸುತ್ತದೆ. ಕಿಣ್ವದ ಬಾಯಿ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಬೇರೆ ಕೋಶಗಳು ಹೊಸ ಕಿಣ್ವ ತಯಾರಿಸಿಕೊಂಡು ಸುಧಾರಿಸುತ್ತವೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವೇ ಇಲ್ಲದಿರುವುದರಿಂದ ಅದು ಬದುಕಿರುವ ಏಳರಿಂದ ಹತ್ತು ದಿನಗಳವರೆಗೂ ಹಾಗೆಯೇ ಇರುತ್ತದೆ. ಗಂಟೆಗಳಲ್ಲಿ ದೇಹದಿಂದ ಹೊರಟುಹೋಗುವ ಮಾತ್ರೆಯ ಪರಿಣಾಮ ದಿನಗಟ್ಟಲೆ ಉಳಿಯುವುದು ಇದರಿಂದ. ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪಿರಿನ್ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಕೇಳುವುದೂ ಇದಕ್ಕೇ.

ಕಿಣ್ವದ ಹಂಗಿಲ್ಲದೆ ತಾನಾಗಿಯೇ ಆಗುವುದಕ್ಕೆ ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲೇ ಪುರಾವೆ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಮೊದಲ ಅಮೈನೊ ಆಮ್ಲವಾದ ವ್ಯಾಲೀನಿಗೆ ಗ್ಲೂಕೋಸ್ ತಾನಾಗಿಯೇ ಅಂಟಿರುವ ಪಾಲನ್ನು. ಮೊದಲು ಸಡಿಲವಾಗಿ ಸೇರಿ, ಬಳಿಕ ಒಳಗಿನ ಜೋಡಣೆ ಬದಲಾಯಿಸಿಕೊಂಡು ಗಟ್ಟಿಯಾಗುತ್ತದೆ. ರಕ್ತದಲ್ಲಿ ಗ್ಲೂಕೋಸ್ ಎಷ್ಟು ಹೆಚ್ಚೋ ಅಂಟುವುದೂ ಅಷ್ಟು ಹೆಚ್ಚು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ದಾಖಲಾಗಿರುತ್ತದೆ. ಈ ಪಾಲು ಶೇಕಡಾ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ. ಕಣದ ಆಯುಸ್ಸು ಬದಲಾದರೆ ಲೆಕ್ಕವೂ ತಪ್ಪುತ್ತದೆ. ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳವಾಗಿರುವ ಕಬ್ಬಿಣಾಂಶದ ಕೊರತೆಯಲ್ಲಿ ನಿಜಕ್ಕಿಂತ ಹೆಚ್ಚು ಬರಬಹುದು. ರಕ್ತಹೀನತೆ ಇರುವವರು ಈ ಒಂದೇ ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬರದೆ, ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ರಕ್ತ ಪರೀಕ್ಷೆಗಳನ್ನೂ ಮಾಡಿಸಿಕೊಂಡು ವೈದ್ಯರಿಗೆ ತೋರಿಸಬೇಕು.